ಶಿಲುಬೆಯ ಮೇಲಿನ ಹೆಸರು

"ಬಾಯಿಗೇನ್ ಲಕ್ವ ಹೊಡ್ದೈತೇನಮ್ಮಿ? ಸತ್ತೋದ ಮಗನ್ನ ಹೆಸರಿಡ್ದು ಕರಿ. ಸಾಹೇಬ್ರು ಬಿಸಿಲಲ್ಲಿ ನಿಂತವ್ರೆ," ಎಂದು ದೊನ್ ಎಲಾಡಿಯೊ ನನ್ನವ್ವನನ್ನು ಗದರಿದ.

ಅವ್ವ ಕಾಫಿ ಲೋಟ ಹಿಡಿದು ಸಮಾಧಿಯ ಮುಂದೆ ನಿಂತಿದ್ದಳು. ಶಿಲುಬೆಯ ಮೇಲಿರುವುದು ನನ್ನ ಹೆಸರು, ವಿಲ್ನೆಲ್. ಕೆಳಗೆ ಮಲಗಿರುವವನು ತಮ್ಮ ಎಸ್ತಿಲ್. ಹದಿನಾರಕ್ಕೇ ಜ್ವರದಲ್ಲಿ ಹೋದ. ಆಗ ನನಗೆ ಹತ್ತೊಂಬತ್ತು. ಸಾನ್ ಪೆದ್ರೊದ ಕಬ್ಬಿನ ಕೇರಿಯಿಂದ ಬಂದ ಹತ್ತೊಂಬತ್ತರ ಎಸೆತಗಾರನನ್ನು ಯಾವ ಬೇಸ್‌ಬಾಲ್ ತಂಡವೂ ಮೂಸಿ ನೋಡುವುದಿಲ್ಲ, ಅವರಿಗೆ ಹದಿನಾರರ ಹುಡುಗರೇ ಬೇಕು. ತಂಡಗಳಿಗೆ ಆಟಗಾರರನ್ನು ಒದಗಿಸುವ ದೊನ್, ಒಂದೇ ಮಧ್ಯಾಹ್ನದಲ್ಲಿ ಕಾಗದಪತ್ರದಲ್ಲಿ ನನ್ನನ್ನು ಸಾಯಿಸಿ ತಮ್ಮನನ್ನು ಬದುಕಿಸಿದ. ಅಂದಿನಿಂದ ಮನೆಯಲ್ಲೂ ನಾನು ಎಸ್ತಿಲ್.

ಎರಡು ವರ್ಷ ಎಸೆದೆ. ಬಲ ಮೊಣಕೈಯ ನರ ಹರಿಯಿತು. ಆಪರೇಷನ್ ತಂಡವೇ ಮಾಡಿಸಬೇಕು, ಆದರೆ ವಯಸ್ಸು ಸುಳ್ಳೆಂದಾದರೆ ಮಾಡಿಸಬೇಕಿಲ್ಲ. ಅದಕ್ಕೇ ತಂಡದ ಸಾಹೇಬ ವಿಚಾರಣೆಗೆ ಬಂದಿದ್ದ, ಅದೂ ಸತ್ತವರ ಹಬ್ಬದ ದಿನ. ಅವನೂ ನಮ್ಮ ಸೀಮೆಯಲ್ಲೇ ಹುಟ್ಟಿದವನು. ಇವತ್ತು ತಾಯಂದಿರು ಸತ್ತವರ ಹೆಸರು ಕೂಗಿ ಕಾಫಿ ಎರೆಯುತ್ತಾರೆ, ಬದುಕಿರುವವರ ಹೆಸರು ಕೂಗಿದರೆ ಮಣ್ಣು ಅವರನ್ನೇ ಕರೆಸಿಕೊಳ್ಳುತ್ತದೆಂದು ಹೆದರುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಹೋದ ಹಬ್ಬದಲ್ಲಿ ಅವ್ವ ತುಟಿ ಪಿಟಕ್ಕೆನ್ನದೆ ಎರೆದು ಬಂದಿದ್ದಳು.

"ನಿಧಾನಕ್ಕೆ ಕರೀರಮ್ಮ," ಎಂದ ಸಾಹೇಬ. "ನಂಗೇನೂ ಅವಸರ ಇಲ್ಲ."

"ಕರೀತೀಯೋ, ಇಲ್ಲ ನಿನ್ ಮಗ ಆ ಮುರುಕ್ಲು ಕೈಲಿ ಕಬ್ಬು ಕಡೀಬೇಕೋ, ಬೋಸುಡಿ?" ಎಂದ ದೊನ್.

ಅವ್ವ ನನ್ನ ಕೈ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು.

"ವಿಲ್ನೆಲ್, ಬಾ ಮಗಾ. ಕಾಫಿ ಆರೋಯ್ತದೆ."

ಎರಡು ವರ್ಷದಿಂದ ಯಾರೂ ನನ್ನನ್ನು ಆ ಹೆಸರಿನಿಂದ ಕರೆದಿರಲಿಲ್ಲ.

"ಬಂದೆ ಕಣವ್ವಾ," ಎಂದೆ.

ಮಾತು ಬಾಯಿಂದ ಬಿದ್ದ ಮೇಲೆ ತಿಳಿಯಿತು. ನಾಚಿಕೆಗೇಡು, ಒಂದು ಗಳಿಗೆ ಖುಷಿಯೇ ಆಗಿತ್ತು. ಸಾಹೇಬ ಪುಸ್ತಕದಲ್ಲಿ ಏನೋ ಗೀಚಿ, ಅವ್ವನಿಗೆ ಟೋಪಿ ತೆಗೆದು ತಲೆಬಾಗಿ ಹೊರಟ.

"ಹೊಟ್ಟೆಗೇನ್ ತಿಂತೀಯೋ ಸೂಳೇಮಗನೇ," ಎಂದು ನನಗೆ ಉಗಿದು ದೊನ್ ಅವನ ಹಿಂದೆ ಓಡಿದ.

ಅವ್ವ ಅಳಲಿಲ್ಲ. "ಎಸ್ತಿಲ್" ಎಂದು ಮೂರು ಸಲ, ಇಡೀ ಕಬ್ಬಿನ ಗದ್ದೆಗೆ ಕೇಳುವಂತೆ ಕೂಗಿ ಅರ್ಧ ಕಾಫಿಯನ್ನು ಮಣ್ಣಿಗೆ ಎರೆದಳು. ಉಳಿದರ್ಧ ನನ್ನ ಮುಂದೆ ಹಿಡಿದಳು. ಅಭ್ಯಾಸಬಲದಿಂದ ಬಲಗೈ ಚಾಚಿದೆ. ಅದು ಸೊಂಟದವರೆಗೆ ಬಂದು ನಿಂತಿತು.