ಹೆಸರು ಬದಲಾದ ಫೈಲು

ಮೊಮ್ಮಗಳು ಲ್ಯಾಪ್‌ಟಾಪ್ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಬಟಾಣಿ ಸುಲಿಯುವುದನ್ನು ಬಿಟ್ಟು, ಏನಾಯಿತೆಂದು ಕೇಳಿದೆ.

“ಒಂದು ಫೈಲಿನ ಹೆಸರು ಬದಲಾಯಿಸಿದೆ ತಾತ. ಜೊತೆಗೇ ಒಳಗಿರೋದನ್ನೂ ಮುಕ್ಕಾಲು ಪಾಲು ತಿದ್ದಿಬಿಟ್ಟೆ. ನಮ್ಮ ಮೇಷ್ಟ್ರು ಬರೆದ ಪ್ರೋಗ್ರಾಂ ಅದು. ಯಾವ ಸಾಲು ಯಾರು ಬರೆದದ್ದು ಅಂತ ಲೆಕ್ಕ ಇಡೋ ಸಾಫ್ಟ್‌ವೇರಲ್ಲಿ ಈಗ ಪ್ರತಿ ಸಾಲಿನ ಪಕ್ಕದಲ್ಲೂ ನನ್ನ ಹೆಸರೇ ಬರ್ತಿದೆ!”

ಮೇಷ್ಟ್ರೆಂದರೆ ಆಫೀಸಿನಲ್ಲಿ ಅವಳಿಗೆ ಕೆಲಸ ಕಲಿಸಿ ನಿವೃತ್ತರಾದವರು.

“ಯಾರೋ ಹೆತ್ತ ಮಗೂನ ನನ್ನದು ಅಂದ ಹಾಗಾಯ್ತಲ್ಲೇ!”

“ಹೂಂ. ನಾಳೆ ಎಲ್ಲರೂ ನನ್ನ ಕಳ್ಳಿ ಅಂತಾರೆ.”

“ಫೈಲಿನ ಹೆಸರು ಬದಲಾದ್ರೆ ಆ ಸಾಫ್ಟ್‌ವೇರಿಗೆ ಗುರುತೇ ಸಿಗಲ್ವಾ?”

“ಅದು ಹೆಸರು ನೋಡಲ್ಲ ತಾತ, ಒಳಗಿರೋದನ್ನ ಹೋಲಿಸುತ್ತೆ. ಹೋಲಿಕೆ ಇದ್ರೆ ಹಳೇದೇ ಅನ್ನುತ್ತೆ. ಇಲ್ಲದಿದ್ರೆ ಹಳೇದು ಸತ್ತು ಹೊಸದು ಹುಟ್ಟಿತು ಅನ್ನುತ್ತೆ.”

ನನಗೆ ಸೋಜಿಗವಾಯಿತು. ಎಷ್ಟೋ ಕಾಲದ ಮೇಲೆ ಸಿಕ್ಕಿದ ಗೆಳೆಯನೊಬ್ಬನನ್ನು, ಅವನು ಮೀಸೆ ಬೋಳಿಸಿದ್ದರೂ, ನಡಿಗೆಯಿಂದಲೇ ಗುರುತಿಸಿದ್ದೆ. ನಡಿಗೆಯೂ ಬದಲಾಗಿದ್ದರೆ ಅವನನ್ನು ದಾಟಿಕೊಂಡೇ ಹೋಗುತ್ತಿದ್ದೆನೇನೋ.

“ಒಂದೊಂದಾಗಿ ಮಾಡ್ಬೇಕಿತ್ತು, ಆತುರಗೆಟ್ಟೋಳು ನಾನು,” ಎಂದು ತನ್ನನ್ನೇ ಬೈದುಕೊಂಡಳು. ಪುಣ್ಯಕ್ಕೆ ಇನ್ನೂ ಆಫೀಸಿಗೆ ಕಳಿಸಿರಲಿಲ್ಲ. ಮಾಡಿದ್ದನ್ನೆಲ್ಲ ಹಿಂದಕ್ಕೆ ತಂದು, ಮೊದಲು ಹೆಸರನ್ನಷ್ಟೇ ಬದಲಾಯಿಸಿ ಉಳಿಸಿದಳು. ಆಮೇಲೆ ಒಳಗಿನದನ್ನು ತಿದ್ದಿದಳು. ಅವಳು ಮುಟ್ಟದ ಸಾಲುಗಳ ಪಕ್ಕದಲ್ಲಿ ಮೇಷ್ಟ್ರ ಹೆಸರು ಮತ್ತೆ ಬಂತು.

ನಾನು ಕುರ್ಚಿ ಹತ್ತಿರಕ್ಕೆಳೆದುಕೊಂಡೆ.

“ಅವರು ಮೊಟ್ಟಮೊದಲು ಏನು ಬರೆದಿದ್ರು, ಓದೇ.”

ಅವಳು ಹುಡುಕಿ ತೆಗೆದು, ಬಿದ್ದು ಬಿದ್ದು ನಕ್ಕಳು.

“‘ಸದ್ಯಕ್ಕೆ ಹೀಗಿರಲಿ, ನಾಳೆ ಸರಿಮಾಡುತ್ತೇನೆ’ ಅಂತ ಬರೆದಿದ್ದಾರೆ. ಆಗ ನಾನಿನ್ನೂ ಸ್ಕೂಲಲ್ಲಿದ್ದೆ ತಾತ!”