ಟ್ರೇಲರಿಗೆ ಹಚ್ಚಿದ ನೀಲಿ ಬಣ್ಣ

ಓಡಿ ಬಂದ ಟ್ರೇಲರಿನ ಚಕ್ರವನ್ನು ಆರಲು ಬಿಡದೆ ನೀರಿಗೆ ಇಳಿಸುವವನ ಕೈ ಮುರಿಯಬೇಕು ಎಂದು ಐದು ವರ್ಷ ಒದರಿದವನು ನಾನೇ. ಒದರುವುದರಲ್ಲಿ ನಮ್ಮ ಚಿದ್ರಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಹೆಸರು ಕಾಶೀರಾಮ. ಬೀದರಿನ ಚಿದ್ರಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟು ಮೂವತ್ತು ವರ್ಷದಿಂದ ಟ್ರೇಲರ್ ಮಾಡುತ್ತಿದ್ದೇನೆ. ಗಿರಾಕಿ ತಪ್ಪು ಮಾಡಿದರೆ ಗಿರಾಕಿಗೇ ಬೈಯುತ್ತೇನೆ. ತಪ್ಪು ನನ್ನದಾದಾಗ ಏನು ಮಾಡಬೇಕು ಎಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ.

ಮಾಂಜ್ರಾ ಹೊಳೆ ಉಕ್ಕಿದಾಗ ಸಿಕ್ಕಿಬಿದ್ದವರನ್ನು ಕರೆತರಲು ಐದು ವರ್ಷದ ಹಿಂದೆ ನಾವೊಂದಿಷ್ಟು ಮಂದಿ ಸೇರಿ ಮಂಡಳಿ ಕಟ್ಟಿಕೊಂಡಿದ್ದೆವು. ಒಂದು ಫೈಬರ್ ಬೋಟು, ಅದನ್ನು ಹೊತ್ತೊಯ್ಯಲು ನಾನು ಮಾಡಿದ ಎರಡು ಗಾಲಿಯ ಟ್ರೇಲರು, ಎಳೆಯಲು ಮಂಡಳಿಯ ಹುಡುಗ ಮುಬಶ್ಶೀರನ ಜೀಪು. ಬೋಟು ನಡೆಸುವವನು ಹಾವಗೆಪ್ಪ. ಭಾಲ್ಕಿ ತಾಲೂಕಿನ ಹಲಬರ್ಗಾದ ರೈತ, ಬಸವಣ್ಣನ ಭಕ್ತ, ನನ್ನ ದೋಸ್ತ. ಮೂವತ್ತು ವರ್ಷದ ಹಿಂದೆ ಟ್ರ್ಯಾಕ್ಟರಿನ ಕೊಕ್ಕೆ ಮುರಿದುಕೊಂಡು ಅಂಗಡಿಗೆ ಬಂದವನು ನನ್ನಿಂದ ಹೊಟ್ಟೆ ತುಂಬ ಬೈಸಿಕೊಂಡು ಹೋದ, ಮರುದಿನ ಜೋಳದ ಹಸಿ ತೆನೆ ಸುಟ್ಟು ಉದುರಿಸಿದ ಸೀತನಿ ತಂದುಕೊಟ್ಟ. ಬೈದರೆ ಸೀತನಿ ತರುವವನ ಮೇಲೆ ಎಷ್ಟು ದಿನ ಸಿಟ್ಟು ಇಟ್ಟುಕೊಳ್ಳುತ್ತೀರಿ?

ಬೋಟನ್ನು ಟ್ರೇಲರಿನಿಂದ ಇಳಿಸುವುದು, ಏರಿಸುವುದು ನೋಡಲಿಕ್ಕೆ ಸರಳ. ಟ್ರೇಲರನ್ನು ಹಿಂದಕ್ಕೆ ನೀರಿಗೆ ಬಿಡಬೇಕು, ಬೋಟನ್ನು ತೇಲಿಸಬೇಕು. ಏರಿಸುವಾಗ ಮೂತಿಯನ್ನು ರಬ್ಬರ್ ರೋಲರಿನ ಮೇಲೆ ಕೂಡಿಸಿ, ಪಟ್ಟಿ ಸಿಕ್ಕಿಸಿ, ವಿಂಚ್ ತಿರುಗಿಸಿ ಎಳೆದುಕೊಳ್ಳಬೇಕು. ಆದರೆ ದೂರ ಓಡಿ ಬಂದ ಚಕ್ರದ ನಡುವಿನ ಹಬ್ ಕಾದಿರುತ್ತದೆ. ಕಾದದ್ದು ತಣ್ಣೀರಿಗೆ ಬಿದ್ದರೆ ಒಳಗೆ ನೀರು ಎಳೆದುಕೊಂಡು ಬೇರಿಂಗ್ ಕೆಡುತ್ತದೆ. ಅದಕ್ಕೇ ನನ್ನ ಕಾನೂನು: ಹಬ್ ಮೇಲೆ ಅಂಗೈ ಇಟ್ಟು ಐವತ್ತು ಎಣಿಸಬೇಕು, ಕೈ ಸುಡದಿದ್ದರೆ ಮಾತ್ರ ನೀರು. ಹಾವಗೆಪ್ಪ ಎಣಿಸುತ್ತಿರಲಿಲ್ಲ, ಕಣ್ಣು ಮುಚ್ಚಿ ಒಂದು ವಚನ ಹೇಳುತ್ತಿದ್ದ.

"ಸಣ್ಣ ವಚನ ಹೇಳಿ ಮೋಸ ಮಾಡಬ್ಯಾಡೋ," ಎಂದು ನಾನು ಕಾಡುತ್ತಿದ್ದೆ.

"ನಿನ್ನ ಕಾನೂನಿಗಿ ತಕ್ಕಂತ ಉದ್ದಂದೇ ಹುಡುಕೀನಿ ಮಾರಾಯಾ," ಎನ್ನುತ್ತಿದ್ದ.

ಹೋದ ವರ್ಷ ದಸರೆಗೆ ನಾವು ಬೌದ್ಧರು ಆಚರಿಸುವ ಅಶೋಕ ವಿಜಯದಶಮಿಯ ಮೆರವಣಿಗೆಗೆ ಬುದ್ಧನ ಮೂರ್ತಿ ಇಡಲು ನಮ್ಮ ಓಣಿಯವರು ಈ ಟ್ರೇಲರನ್ನೇ ಕೇಳಿದರು. ಕಂಪ್ರೆಸರ್ ಹಚ್ಚಿ ಎರಡು ಕೋಟು ನೀಲಿ ಬಣ್ಣ ಹೊಡೆದೆ. ಆಯುಧ ಪೂಜೆ ಎಂದು ಹಾವಗೆಪ್ಪ ವಿಭೂತಿ, ತೆಂಗಿನಕಾಯಿ ಹಿಡಿದು ಬಂದಿದ್ದ. "ಕಾಯಿ ಒಡೆದ್ರ ಗಾಲಿ ತಿರಗ್ತದೇನೋ? ಗ್ರೀಸ್ ಇದ್ರ ತಿರಗ್ತದ," ಎಂದು ನಾಲ್ಕು ಮಂದಿಯ ಮುಂದೆ ನಕ್ಕೆ. ಅವನೂ ನಕ್ಕು ಕಾಯಿ ಒಡೆದು ನನಗೇ ದೊಡ್ಡ ಹೋಳು ಕೊಟ್ಟ.

ಗ್ರೀಸ್ ಒಳಗೆ ಹೋಗಲು ಹಬ್‌ಗೆ ಕಡಲೆಕಾಳಿನಷ್ಟು ಒಂದು ನಿಪ್ಪಲ್ ಇರುತ್ತದೆ. ಅದರ ಬಾಯಲ್ಲಿ ಸಾಸಿವೆಯಷ್ಟು ಗುಂಡು. ಗ್ರೀಸ್ ಗನ್ ಒತ್ತಿದರೆ ಗುಂಡು ಹಿಂದೆ ಸರಿದು ಗ್ರೀಸನ್ನು ಒಳಗೆ ಬಿಡುತ್ತದೆ. ಬಣ್ಣ ಹೊಡೆಯುವ ಮೊದಲು ನಿಪ್ಪಲಿಗೆ ಕಾಗದ ಸುತ್ತಬೇಕು, ಇಲ್ಲವಾದರೆ ಗುಂಡು ಬಣ್ಣದಲ್ಲಿ ಅಂಟಿ ಕೂಡುತ್ತದೆ. ನನ್ನ ಕೈಯಲ್ಲಿ ಕೆಲಸ ಕಲಿತವರಿಗೆಲ್ಲ ಮೊದಲ ದಿನ ಹೇಳಿದ ಮಾತಿದು. ಆವತ್ತು ನಾನು ಸುತ್ತಲಿಲ್ಲ. ಮೆರವಣಿಗೆಗೆ ಹೊತ್ತಾಗಿತ್ತು, ಬಣ್ಣ ಕನ್ನಡಿಯಂತೆ ಹೊಳೆಯುತ್ತಿತ್ತು, ನನಗೆ ನನ್ನ ಮೇಲೆಯೇ ಖುಷಿಯಾಗಿತ್ತು.

ಈ ವರ್ಷ ಮಳೆಗಾಲದ ಮುಂಚೆ ಗ್ರೀಸ್ ಗನ್ ಹಿಡಿದು ನಾಲ್ಕು ಸಲ ಒತ್ತಿದೆ. ಗ್ರೀಸು ನಿಪ್ಪಲಿನ ಪಕ್ಕದಿಂದ ಹೊರಗೆ ಉಕ್ಕಿತು. ಒಳಗೆ ತುಂಬಿದೆ, ಅದಕ್ಕೇ ಉಕ್ಕಿತು ಎಂದುಕೊಂಡೆ. ಇಲ್ಲ, ಅದು ಸುಳ್ಳು. ಅನುಮಾನ ಬಂದಿತ್ತು. ಆದರೆ ಹಬ್ ಬಿಚ್ಚುವುದೆಂದರೆ ಅರ್ಧ ದಿನದ ಕೆಲಸ, ಬಿಸಿಲಿಗೆ ತಲೆ ಕೆಟ್ಟಿತ್ತು. ಅರಿವೆಯಿಂದ ಒರೆಸಿ ಹಾವಗೆಪ್ಪನಿಗೆ ಫೋನ್ ಹಚ್ಚಿದೆ. "ಗ್ರೀಸ್ ಫುಲ್ ಆಗ್ಯಾದ. ಬಿಂದಾಸ್ ಇರು."

ಸೆಪ್ಟೆಂಬರ್ ಕೊನೆಯ ವಾರ ಹೊಳೆ ಊರೊಳಗೆ ನುಗ್ಗಿತು. ಬೆಳಿಗ್ಗೆ ಭಾಲ್ಕಿ ಕಡೆಯಿಂದ ಕರೆ ಬಂತು, ಹೊಳೆದಂಡೆಯ ಹಳ್ಳಿಯೊಂದರಲ್ಲಿ ಸಾಲೆಯ ಮಾಳಿಗೆ ಮೇಲೆ ಹನ್ನೊಂದು ಮಂದಿ ನಿಂತಿದ್ದಾರೆ ಎಂದು. ಹಾವಗೆಪ್ಪ, ಮುಬಶ್ಶೀರ ಬೋಟು ಎಳೆದುಕೊಂಡು ಓಡಿದರು. ಅಲ್ಲಿ ಮುಟ್ಟಿದಾಗ ಮಾಳಿಗೆ ಮೇಲಿನ ಹೆಂಗಸರು ಕೂಸುಗಳನ್ನು ಎತ್ತಿ ತೋರಿಸಿ ಅಳುತ್ತಿದ್ದರಂತೆ. ಹಾವಗೆಪ್ಪ ಹಬ್ ಮುಟ್ಟಲಿಲ್ಲ, ವಚನ ಹೇಳಲಿಲ್ಲ. ಕಾದ ಚಕ್ರವನ್ನು ಸೀದಾ ನೀರಿಗೆ ಬಿಡಿಸಿದ. ಹನ್ನೊಂದು ಮಂದಿಯನ್ನೂ ದಂಡೆಗೆ ತಂದ.

ಬೋಟನ್ನು ಮತ್ತೆ ಟ್ರೇಲರಿಗೆ ಏರಿಸಿ ಪಟ್ಟಿ ಬಿಗಿಯುವಾಗ ಹಾವಗೆಪ್ಪನಿಗೆ ಅವನ ಮಗಳು ಸಪ್ನಾಳ ಫೋನು ಬಂತು. ಅವಳನ್ನು ಔರಾದ ತಾಲೂಕಿಗೆ ಮದುವೆ ಮಾಡಿ ಕೊಟ್ಟಿದ್ದ. ದನ ಬಿಚ್ಚಲು ಹೊಲಕ್ಕೆ ಹೋದವಳ ಸುತ್ತ ನೀರು ತಿರುಗಿತ್ತು. ಪಂಪಿನ ಕೋಣೆಯ ಮೇಲೆ ಹತ್ತಿ ಕುಂತಿದ್ದಳು.

ಹತ್ತಿರದ ಸೇತುವೆ ಮುಳುಗಿತ್ತು. ಬೀದರಿಗೆ ಸುತ್ತು ಹಾಕಿ, ಜನವಾಡದ ದಾರಿ ಹಿಡಿದು ಔರಾದಕ್ಕೆ ಹೋಗಬೇಕು. ಹೋಗುವ ದಾರಿಯಲ್ಲೇ ನನ್ನ ಅಂಗಡಿ. ಜೀಪು ನಿಧಾನವಾಯಿತು. ಹಾವಗೆಪ್ಪ ಕಿವಿಗೆ ಫೋನ್ ಒತ್ತಿಕೊಂಡಿದ್ದ. ಮುಬಶ್ಶೀರ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಚಾಚಾ, ಎಡಗಡಿ ಗಾಲಿ ಗುಂಯ್ ಅನ್ಲಾಕತ್ತದ. ಜರಾ ನೋಡ್ರಿ."

ನನಗೂ ಆ ಸದ್ದು ಕೇಳಿತ್ತು. ಅಂಗಡಿಯಲ್ಲಿ ಬೇರಿಂಗ್ ಸಮೇತ ಇನ್ನೊಂದು ಹಬ್ ತಯಾರಿತ್ತು, ಬದಲಿಸಲು ಇಪ್ಪತ್ತು ನಿಮಿಷ ಸಾಕು. ಬಾಗಿ ಅಂಗೈ ಇಟ್ಟು ನೋಡಬಹುದಿತ್ತು, ನನ್ನದೇ ಕಾನೂನು. ನಾನು ಬಾಗಲಿಲ್ಲ. "ಗ್ರೀಸ್ ಫುಲ್ ಅದ ಅಂತ ಹೇಳೀನಿಲ್ಲ? ಟೈಮ್ ಖರಾಬ್ ಮಾಡಬ್ಯಾಡ್ರಿ, ನಡೀರಿ!" ಎಂದು ಬೋಟಿನ ಪಕ್ಕೆಗೆ ಬಡಿದು ಕಳಿಸಿದೆ.

ಜನವಾಡ ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಡಗಾಲಿಯಿಂದ ಹೊಗೆ ಬಂತು. ಬೇರಿಂಗ್ ಕಚ್ಚಿಕೊಂಡು ಆಕ್ಸಲ್ ಮುರಿದು, ಬೋಟು ರಸ್ತೆ ಪಕ್ಕದ ತಗ್ಗಿಗೆ ವಾಲಿತು. ಆ ಮಳೆಯಲ್ಲಿ ಟ್ರ್ಯಾಕ್ಟರು ಹುಡುಕಿ, ಜನ ಕೂಡಿಸಿ, ಬೋಟನ್ನು ಅದರ ಟ್ರಾಲಿಗೆ ಎತ್ತಿ ಹಾಕಲು ಎರಡು ತಾಸು ಹಿಡಿಯಿತು. ಆ ಎರಡು ತಾಸಿನಲ್ಲಿ ಸಪ್ನಾ ಮೂರು ಸಲ ಫೋನ್ ಮಾಡಿದಳು. "ಅಪ್ಪಾ, ಎಲ್ಲಿಗಿ ಬಂದಿ?" ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹಾವಗೆಪ್ಪ, "ಜನವಾಡ ದಾಟೀನಿ ಅವ್ವಾ," ಎಂದ. ನಾಲ್ಕನೆಯ ಸಲ ಇವನೇ ಹಚ್ಚಿದಾಗ ಫೋನು ಹತ್ತಲಿಲ್ಲ. ಬೋಟು ಅಲ್ಲಿ ಮುಟ್ಟಿದಾಗ ಪಂಪಿನ ಕೋಣೆಯೇ ಇರಲಿಲ್ಲ.

ಮೂರನೆಯ ದಿನ ಮಗಳು ಸಿಕ್ಕಳು. ಮಣ್ಣಿಗೆ ನಾನೂ ಹೋಗಿದ್ದೆ. ಹಾವಗೆಪ್ಪ ಎಲ್ಲರ ಮುಂದೆ ನನ್ನ ಕೈ ಹಿಡಿದುಕೊಂಡು, "ಕಾಶೀ ಐದು ವರ್ಷ ಬಡಕೊಂಡ್ನರಿ, ಕೈ ಇಟ್ಟು ನೋಡೋ ಅಂತ. ನಾ ನೋಡಲಿಲ್ಲ. ನನ್ನ ಮಗಳ್ನ ನಾನೇ ತಿಂದೆ," ಎಂದು ಅತ್ತ. ನಾನು ಅವನ ಬೆನ್ನು ಸವರಿದೆ. ಹೊಟ್ಟೆಯೊಳಗೆ ಮಾತ್ರ, ಹೌದಲ್ಲೋ ಮಂಗ್ಯಾ, ಹೇಳಿದ್ದೆನಲ್ಲ, ಎಂದುಕೊಂಡೆ. ಆ ಮಾತು ನೆನಪಾದರೆ ಈಗ ನನ್ನ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಟ್ರೇಲರನ್ನು ಅಂಗಡಿಗೆ ಎಳೆಸಿಕೊಂಡು ಬಂದು ಎಡಗಡೆಯ ಹಬ್ ಬಿಚ್ಚಿದೆ. ಬೇರಿಂಗ್ ಸುಟ್ಟು ಪುಡಿಯಾಗಿತ್ತು. ಹೊಸ ಗ್ರೀಸು ಒಂದು ಬೆರಳಿನಷ್ಟೂ ಇಲ್ಲ. ಬಲಗಡೆಯದನ್ನೂ ಬಿಚ್ಚಿದೆ, ಅದೂ ಒಣ. ಒಂದು ಸಲ ಹೊಕ್ಕ ನೀರು ಬೇರಿಂಗನ್ನು ಒಂದೇ ದಿನದಲ್ಲಿ ಹೀಗೆ ತಿನ್ನುವುದಿಲ್ಲ, ತಿಂಗಳು ಬೇಕು. ನಿಪ್ಪಲನ್ನು ಬೆಳಕಿಗೆ ಹಿಡಿದೆ. ಬಾಯಿ ತುಂಬ ನೀಲಿ ಬಣ್ಣ. ಸೂಜಿಯಿಂದ ಚುಚ್ಚಿದರೂ ಗುಂಡು ಅಲುಗಲಿಲ್ಲ. ಅಂಗಡಿಯ ಬಾಗಿಲು ಹಾಕಿಕೊಂಡು ನೆಲದ ಮೇಲೆ ಕುಂತೆ. ಬದುಕಿನಲ್ಲಿ ಅಷ್ಟು ಅತ್ತಿದ್ದು ಅದೇ ಮೊದಲು.

ಮರುದಿನ ನಿಪ್ಪಲನ್ನು ಕಿಸೆಯಲ್ಲಿಟ್ಟುಕೊಂಡು ಹಲಬರ್ಗಾಕ್ಕೆ ಹೋದೆ. ಹಾವಗೆಪ್ಪ ಪಡಸಾಲೆಯಲ್ಲಿ ಗೋಡೆಗೆ ಆತು ಕುಂತಿದ್ದ. ಬಲಗೈಗೆ ಬಿಳಿ ಪಟ್ಟಿ ಸುತ್ತಿತ್ತು. ಅವನ ಹೆಂಡತಿ ಕಸ್ತೂರಿಬಾಯಿ ನನ್ನನ್ನು ಬಾಗಿಲಲ್ಲೇ ತಡೆದು ಮೆಲ್ಲಗೆ ಹೇಳಿದಳು.

"ಕಾದ ರೊಟ್ಟಿ ಹಂಚಿನ ಮ್ಯಾಲ ಕೈ ಇಟ್ಟಿದ್ರರಿ ಅಣ್ಣಾ. ಇಟ್ಟು ವಚನ ಹೇಳ್ಲಾಕತ್ತಿದ್ರು. ನಾ ಎಳದು ತಗದೆ. ನಿನ್ನೆ ಮತ್ತ ಒಲಿ ಕಡಿ ಹೋಗಿದ್ರು. ಊಟಿಲ್ಲ, ನೀರಿಲ್ಲ. ನೀವಾರ ಏನಾರ ಹೇಳ್ರಿ, ಇಲ್ಲಂದ್ರ ಇವರು ಉಳಿಯೂದಿಲ್ಲ."

ನಾನು ಅವನೆದುರು ಕುಂತು ಎಲ್ಲ ಹೇಳಿದೆ. ಬಣ್ಣದ್ದು, ಪಕ್ಕದಿಂದ ಉಕ್ಕಿದ ಗ್ರೀಸಿನದು, ಅಂಗಡಿ ಮುಂದೆ ಗುಂಯ್ ಎಂದದ್ದು ಕೇಳಿಯೂ ಬಾಗದೆ ಇದ್ದದ್ದು. ನಿಪ್ಪಲನ್ನು ಅವನ ಎಡಗೈಯಲ್ಲಿಟ್ಟೆ.

"ನೀ ನೀರಾಗ ಇಳಿಸಿದ್ದಕ್ಕ ಆಗಿಲ್ಲ ಹಾವಗ್ಯಾ. ಗಾಲಿ ಮೊದಲೇ ಸತ್ತಿತ್ತು. ನಾನೇ ಕೊಂದೀನಿ. ನನಗ ಬೈಯಿ, ಹೊಡಿ."

ಅವನು ನಿಪ್ಪಲನ್ನು ನೋಡಿದ. ಬಹಳ ದಿನದ ಮೇಲೆ ಅವನ ಮುಖ ಸ್ವಲ್ಪ ಮೆತ್ತಗಾಯಿತು. ಅಬ್ಬಾ, ನಂಬಿದ ಎಂದುಕೊಂಡೆ. ಅವನು ಅದನ್ನು ನನ್ನ ಕೈಗೇ ವಾಪಸ್ ಇಟ್ಟ.

"ಎಂಥಾ ದೋಸ್ತ ಅದಿ ಕಾಶೀ. ನನ್ನ ಸಲುವಾಗಿ ನಿನ್ನ ಮ್ಯಾಲ ತಗೋಳ್ಳಾಕ ಬಂದೀದಿ."

"ಖರೇ ಹೇಳ್ತೇನಿ ಮಾರಾಯಾ!"

"ನೀ ಗ್ರೀಸ್ ಮರಿಯೂ ಮನಷ್ಯಾ ಅಲ್ಲ. ಹುಟ್ಟಿದಾಗಿಂದ ಒಂದರೇ ಕೆಲಸ ಹೊಲಸು ಮಾಡೀದೇನು? ಬಿಸಿ ಹಬ್ ನೀರಿಗಿ ಬಿದ್ರ ಬೇರಿಂಗ್ ಹೋಗ್ತದ ಅಂತ ನೀನೇ ಕಲಿಸೀದಿ. ಈಗ ಹೋಗೂದಿಲ್ಲ ಅಂದ್ರ ನಾ ಹ್ಯಾಂಗ ನಂಬಲಿ?"

ನಾನು ಆಣೆ ಇಟ್ಟೆ, ಸಪ್ನಾಳ ಹೆಸರು ಹಿಡಿದೆ, ಒದರಿದೆ. ಒದರಿದಷ್ಟೂ ಅವನು ನನ್ನ ಬೆನ್ನು ಸವರಿದ. ಐದು ವರ್ಷ ಅವನ ತಲೆಗೆ ಮೊಳೆ ಹೊಡೆದಂತೆ ಹೊಡೆದ ಕಾನೂನು, ಈಗ ನಾನೇ ಕೀಳಲು ಹೋದರೆ ಬರಲಿಲ್ಲ.

ಕಸ್ತೂರಿಬಾಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ನಾನು ಹೊರಟಾಗ ಅಂಗಳಕ್ಕೆ ಬಂದು ಕೈ ಚಾಚಿದಳು. ನಿಪ್ಪಲ್ ಕೊಟ್ಟೆ. ಬಣ್ಣವನ್ನು ಉಗುರಿನಿಂದ ಕೆರೆದು ನೋಡಿದಳು.

"ಖರೇನಾ?"

"ಖರೇರಿ ವೈನೀ."

ಅವಳು ಅಳಲಿಲ್ಲ, ಶಾಪ ಹಾಕಲಿಲ್ಲ. ಹಾಕಿದ್ದರೆ ಚಲೋ ಆಗುತ್ತಿತ್ತು. ಅಷ್ಟು ಹೊತ್ತು ಅಣ್ಣಾ ಎನ್ನುತ್ತಿದ್ದವಳು ಆ ಮಾತನ್ನು ಮತ್ತೆ ಎತ್ತಲಿಲ್ಲ.

"ನಿಮ್ಮ ಮಾರಿ ನೋಡಬಾರದು ಅನಸ್ತದ. ಆದ್ರೂ ದಿನಾ ಬರ್ರಿ. ದಿನಾ ಬಂದು ಇದನ್ನೇ ಹೇಳ್ರಿ. ಅವರು ನಂಬೂತನಕ ಹೇಳ್ರಿ. ನನಗ ಮಗಳು ಹೋದಳು, ಗಂಡಾರ ಉಳೀಲಿ."

ಅಂದಿನಿಂದ ಅಂಗಡಿ ಅರ್ಧ ದಿನ ಮುಚ್ಚಿ ಹಲಬರ್ಗಾಕ್ಕೆ ಹೋಗುತ್ತಿದ್ದೇನೆ. ಸುಟ್ಟ ಬೇರಿಂಗ್ ಒಯ್ದು ತೋರಿಸಿದೆ. ಮುಬಶ್ಶೀರನನ್ನು ಕರೆದೊಯ್ದು ಸಾಕ್ಷಿ ಹೇಳಿಸಿದೆ. ಅವನಿಗೂ ನೀನೇ ಹೇಳಿಕೊಟ್ಟು ಕರೆತಂದಿದ್ದೀ ಎಂದ ಹಾವಗೆಪ್ಪ. ಅವನು ನಂಬಿದ ದಿನ ನಮ್ಮ ದೋಸ್ತಿ ಮುಗಿಯುತ್ತದೆ ಎಂದು ಗೊತ್ತಿದೆ. ಮುಗಿಯಲಿ ಎಂದೇ ದಿನಾ ಬಸ್ಸು ಹತ್ತುತ್ತೇನೆ.

ಇವತ್ತಿಗೆ ಹದಿಮೂರು ದಿನ. ನಾನು ಹೋದಾಗ ಅವನು ಪಟ್ಟಿ ಬಿಚ್ಚಿಸಿಕೊಂಡು ಅಂಗೈ ನೋಡಿಕೊಳ್ಳುತ್ತಿದ್ದ. ಹಳೆಯ ಗಾಯದ ಪಕ್ಕದಲ್ಲಿ ಸುಟ್ಟ ಹೊಸ ಬೊಬ್ಬೆ ಎದ್ದಿತ್ತು. ಮೊದಲಿನಿಂದ ಎಲ್ಲ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ಒಳಗೆ ಕೂಗಿದ.

"ಏ ಇವಳೇ, ಕಾಶೀಗಿ ಚಾ ಇಡು. ಬಿಸಿಲಾಗ ನನ್ನ ಸಲುವಾಗಿ ಬಂದಾನ ಪಾಪ."

ಕಸ್ತೂರಿಬಾಯಿ ಚಹಾ ತಂದು ನನ್ನ ಮುಂದೆ ಇಟ್ಟಳು. ನನ್ನ ಮುಖ ನೋಡದೆ, "ನಾಳಿ ಜಲ್ದಿ ಬರ್ರಿ," ಎಂದಳು.