ಹೆಡ್‌ಫೋನಿನೊಳಗಿನ ಅಕ್ಕ

ಮೂರನೇ ತರಗತಿಯ ಮಕ್ಕಳಿಗೆಲ್ಲ ಆ ವರ್ಷ ಶಾಲೆಯಲ್ಲಿ ಟ್ಯಾಬ್ಲೆಟ್ ಕೊಟ್ಟರು. ಪರದೆಯ ಮೇಲೆ ಮೂಡುವ ವಾಕ್ಯವನ್ನು ಮಕ್ಕಳು ಗಟ್ಟಿಯಾಗಿ ಓದಬೇಕು. ಹೆಡ್‌ಫೋನಿನೊಳಗಿನ ಹೆಣ್ಣುದನಿ ತಪ್ಪಿದ್ದಲ್ಲಿ ತಿದ್ದುತ್ತದೆ. ಮಕ್ಕಳು ಆ ದನಿಯನ್ನು ಅಕ್ಕ ಎಂದೇ ಕರೆಯುತ್ತಿದ್ದರು.

ಅವರಲ್ಲಿ ಗುಬ್ಬಿ ಎಂಬ ಹುಡುಗಿಗೆ ಉಗ್ಗು. ಅವಳು ತರಗತಿಯಲ್ಲಿ ಬಾಯಿ ತೆರೆದರೆ ಸಾಕು, ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಗುತ್ತಿತ್ತು. ಅವಳ ಸರದಿ ಬಂದಾಗ ಟೀಚರು ಕೈಸನ್ನೆಯಲ್ಲೇ ಮುಂದಿನವರಿಗೆ ದಾಟಿಬಿಡುತ್ತಿದ್ದರು. ಮನೆಯಲ್ಲಿ ಅಮ್ಮನಿಗೂ ಪುರುಸೊತ್ತಿಲ್ಲ. ಇಸ್ತ್ರಿ ಪೆಟ್ಟಿಗೆ ಕಾದಿರುತ್ತಿತ್ತು, ಮಗಳು ಅರ್ಧ ಹೇಳುವಷ್ಟರಲ್ಲಿ ಮಿಕ್ಕರ್ಧವನ್ನು ತಾನೇ ಹೇಳಿ ಮುಗಿಸುತ್ತಿದ್ದಳು. ಅಕ್ಕ ಮಾತ್ರ ಹಾಗಲ್ಲ. ಗುಬ್ಬಿ 'ಮ'ಕಾರದ ಮೇಲೆ ಎಷ್ಟು ಹೊತ್ತು ಸಿಕ್ಕಿಕೊಂಡರೂ ಸುಮ್ಮನೆ ಕಾದು, ಕೊನೆಗೆ "ಭೇಷ್ ಪುಟ್ಟಿ" ಅನ್ನುತ್ತಿದ್ದಳು. ಅಷ್ಟು ತಾಳ್ಮೆಯಿಂದ ಗುಬ್ಬಿಗಾಗಿ ಅದುವರೆಗೆ ಯಾರೂ ಕಾದಿರಲಿಲ್ಲ.

ಅವಳ ಅಂಕ ಮೆಲ್ಲಗೆ ಏರಿತು. ಗೋಡೆಯ ದೊಡ್ಡ ಪರದೆಯಲ್ಲಿ ಅವಳ ಹೆಸರು ಜಾಣ ಮಕ್ಕಳ ಸಾಲಿಗೆ ಬಂದು ಕೂತಿತು. ಅಮ್ಮ ಇಸ್ತ್ರಿಗೆ ಬಟ್ಟೆ ತಂದವರಿಗೆಲ್ಲ ಅದನ್ನೇ ಹೇಳಿಕೊಂಡಳು. ಟೀಚರಿಗೆ ಮಾತ್ರ ನಂಬಿಕೆ ಬರಲಿಲ್ಲ. ಪಕ್ಕದಲ್ಲಿ ಕೂರುವ ಗೆಳತಿ ಜುಟ್ಟಿ ಇವಳ ಪಾಠವನ್ನೂ ಓದಿಕೊಡುತ್ತಿರಬೇಕು ಎಂದು ಅವರು ಮನಸ್ಸಿನಲ್ಲೇ ತೀರ್ಮಾನಿಸಿದ್ದರು.

ಪೋಷಕರ ಸಭೆಯ ದಿನ ಹೊಸ ಯಂತ್ರದ ಕರಾಮತ್ತು ತೋರಿಸಲು ಟೀಚರು ಗುಬ್ಬಿಯನ್ನೇ ಕರೆದರು. ಹೆಡ್‌ಫೋನ್ ಕಿತ್ತು ಟ್ಯಾಬ್ಲೆಟ್ಟನ್ನು ಸ್ಪೀಕರಿಗೆ ಜೋಡಿಸಿದರು. ಸ್ಪರ್ಧೆಯ ಪಾಠ ಒತ್ತಿದರು. ಆ ಪಾಠದಲ್ಲಿ ಅಕ್ಕ ಕಾಯುವುದಿಲ್ಲ. ಅದು ಟೀಚರಿಗೆ ಗೊತ್ತಿತ್ತು, ಗುಬ್ಬಿಗೆ ಗೊತ್ತಿರಲಿಲ್ಲ.

"ಮ... ಮ..." ಎಂದಳು ಗುಬ್ಬಿ.

"ಕೇಳಿಸಲಿಲ್ಲ. ಮತ್ತೊಮ್ಮೆ ಹೇಳು," ಎಂದಿತು ಸ್ಪೀಕರು, ಕೋಣೆ ತುಂಬುವ ಹಾಗೆ.

ಅವಳು ಮತ್ತೆ ಉಸಿರೆಳೆದುಕೊಂಡಳು. ತುಟಿ ಅಂಟಿಕೊಂಡಿತು. ಸ್ಪೀಕರು ಮತ್ತೆ ಅದನ್ನೇ ಹೇಳಿತು. ಯಾರದೋ ಅಪ್ಪ ಕೆಮ್ಮಿ ನಗು ನುಂಗಿದ. ಆಗ ಜುಟ್ಟಿ ಥೇಟ್ ಅಕ್ಕನ ದನಿಯಲ್ಲೇ "ಮತ್ತೊಮ್ಮೆ ಹೇಳು" ಎಂದಳು. ಇಡೀ ತರಗತಿ ಗೊಳ್ಳೆಂದಿತು. ದೊಡ್ಡವರೂ ನಕ್ಕರು. ಟೀಚರು ಗದರಲಿಲ್ಲ, ಯಂತ್ರವನ್ನೂ ಆರಿಸಲಿಲ್ಲ.

ಗುಬ್ಬಿ ಅಮ್ಮನ ಕಡೆ ನೋಡಿದಳು. ಅಮ್ಮ ಎದ್ದು ಬಂದಳು. ಕೈ ಹಿಡಿದು ಕರೆದುಕೊಂಡು ಹೋಗುತ್ತಾಳೆ ಅಂದುಕೊಂಡಳು ಗುಬ್ಬಿ. ಅಮ್ಮ ಅವಳ ರಟ್ಟೆ ಹಿಡಿದು ಎಲ್ಲರೆದುರು ಕೇಳಿದಳು:

"ಇಷ್ಟು ದಿನ ನನ್ಹತ್ರ ಸುಳ್ಳು ಹೇಳ್ತಿದ್ದೆಯಾ? ಊರೋರ ಮುಂದೆಲ್ಲ ನಿನ್ನ ಹೊಗಳ್ಕೊಂಡು ಬಂದ್ನಲ್ಲೇ ನಾನು."

ಇಲ್ಲ ಎನ್ನಬೇಕಿತ್ತು. ಆ ಎರಡಕ್ಷರವೂ ಗಂಟಲಲ್ಲೇ ಉಳಿಯಿತು. ಮಗಳು ಸುಮ್ಮನಿದ್ದದ್ದೇ ತಪ್ಪು ಒಪ್ಪಿಕೊಂಡ ಹಾಗೆ ಎಂದು ಅಮ್ಮ ತಿಳಿದಳು. ಟೀಚರು ಉಳಿದ ಪೋಷಕರ ಕಡೆ ತಿರುಗಿ, ಯಂತ್ರದ ಕಣ್ಣಿಗೆ ಮಣ್ಣೆರಚೋಕೆ ಆಗಲ್ಲ ನೋಡಿ, ಎಂದರು. ಎಲ್ಲರೂ ತಲೆದೂಗಿದರು.

ಮಾರನೆಯ ದಿನ ಗುಬ್ಬಿಯ ಹೆಡ್‌ಫೋನಿನಲ್ಲಿ ಅದೇ ಅಕ್ಕ, ಅದೇ ಅಕ್ಕರೆಯ ದನಿ. "ಓದು ಪುಟ್ಟಿ," ಎಂದಿತು. ಗುಬ್ಬಿ ತುಟಿ ಬಿಚ್ಚಲಿಲ್ಲ. ಅದು ಕಾಯಿತು, ಎಂದಿನಂತೆ ಬಹಳ ಹೊತ್ತು ಕಾಯಿತು. ಅವಳು ಹೆಡ್‌ಫೋನ್ ತೆಗೆದು ಬೆಂಚಿನ ಮೇಲಿಟ್ಟಳು. ಜುಟ್ಟಿ ಅಷ್ಟರಲ್ಲಿ ಬೇರೆ ಬೆಂಚಿಗೆ ಹೋಗಿ ಕೂತಿದ್ದಳು. ಅವಳ ಸುತ್ತ ಈಗ ಗೆಳತಿಯರ ಹಿಂಡು.

ತಿಂಗಳು ಕಳೆಯುವುದರೊಳಗೆ ಯಂತ್ರ ಗುಬ್ಬಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಸಿ ಅಕ್ಷರ ಗುರುತಿಸುವ ಪಾಠಕ್ಕೆ ತಂದು ನಿಲ್ಲಿಸಿತು. ಅಲ್ಲಿ ಬಾಯಿಬಿಡುವ ಅಗತ್ಯವಿಲ್ಲ, ಬೆರಳಿಟ್ಟರೆ ಸಾಕು. ಟೀಚರು ಅವಳನ್ನು ಒಂದನೇ ತರಗತಿಯ ಪುಟಾಣಿಗಳ ಜೊತೆ ಕೂರಿಸಿದರು. ಈಗ ತರಗತಿ ಎಷ್ಟು ಶಾಂತವಾಗಿದೆ ಎಂದು ಅಮ್ಮನಿಗೆ ಹೇಳಿ ಕಳಿಸಿದರು.

ಮನೆಯಲ್ಲೂ ಗುಬ್ಬಿ ಮಾತು ಬಿಟ್ಟಳು. ಏನು ಬೇಕಾದರೂ ಬೆರಳು ತೋರಿಸುತ್ತಾಳೆ. ಅಮ್ಮನಿಗೆ ಅದರಿಂದ ಅನುಕೂಲವೇ ಆಯಿತು, ಇಸ್ತ್ರಿ ಕೆಲಸ ಬೇಗ ಮುಗಿಯುತ್ತದೆ.